ಓವರ್‌ಸ್ಟೇ ಆಗಿದೆ, ಈಗ ಸ್ಪೌಸ್ ವೀಸಾ ಬೇಕು: ಅಮೆರಿಕದ ಅರ್ಜಿಯಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು

ಅಮೆರಿಕಕ್ಕೆ ಹೋಗಿ, ಕೊಟ್ಟ ಅವಧಿ ಮುಗಿದ ಮೇಲೂ ಅಲ್ಲೇ ಉಳಿದು, ಆಮೇಲೆ ಊರಿಗೆ ವಾಪಸಾದವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಅಮೆರಿಕನ್ ಸಿಟಿಜನ್ ಒಬ್ಬರನ್ನೋ ಗ್ರೀನ್ ಕಾರ್ಡ್ ಇರುವವರನ್ನೋ ಮದುವೆಯಾಗಿ ಮತ್ತೆ ವೀಸಾಕ್ಕೆ ಹೊರಟರೆ ಮೊದಲು ಸಿಗುವ ಸಲಹೆ ಹೀಗಿರುತ್ತದೆ: “ಅದನ್ನೆಲ್ಲ ಯಾಕೆ ಬರೀತೀರಿ ಸಾರ್? ನೋ ಅಂತ ಹಾಕಿ. ಕೇಳಿದ್ರೆ ಆಗ ನೋಡ್ಕೊಳ್ಳೋಣ.” ಸಲಹೆ ಕೊಟ್ಟವರು ಏಜೆಂಟರಿರಬಹುದು, ಭಾವನ ಸ್ನೇಹಿತರಿರಬಹುದು. ಫಾರ್ಮಿಗೆ ಸಹಿ ಹಾಕುವವರು ಮಾತ್ರ ನೀವು.

ಅಮೆರಿಕದ ವಲಸೆ ಕಾನೂನಿನಲ್ಲಿ ಓವರ್‌ಸ್ಟೇಗೆ ಇರುವ ನಿರ್ಬಂಧ 3 ವರ್ಷ ಅಥವಾ 10 ವರ್ಷ. ಅದಕ್ಕೊಂದು ಕೊನೆ ಇದೆ. ವೀಸಾ ಪಡೆಯಲು ಮಹತ್ವದ ಸಂಗತಿಯೊಂದರ ಬಗ್ಗೆ ಬೇಕಂತಲೇ ಸುಳ್ಳು ಹೇಳಿದರೆ ಬೀಳುವ ನಿರ್ಬಂಧಕ್ಕೆ ಕೊನೆಯೇ ಇಲ್ಲ, ಅದು ಜೀವನಪರ್ಯಂತ. ಕೆಲವರ ವಿಷಯದಲ್ಲಂತೂ ಓವರ್‌ಸ್ಟೇಯ ನಿರ್ಬಂಧ ಎಂದೋ ತೀರಿಹೋಗಿರುತ್ತದೆ. ನಿಜ ಹೇಳಿದ್ದರೆ ಅದೊಂದು ಕಾರಣಕ್ಕೆ ವೀಸಾ ನಿಲ್ಲುತ್ತಿರಲಿಲ್ಲ. ಅದನ್ನು ಮುಚ್ಚಿಡಲು ಹೋಗಿ ಹೊಸದೊಂದು ಆರೋಪವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ಇಲ್ಲಿರುವುದು ಅಮೆರಿಕದ ವಿಚಾರ ಮಾತ್ರ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ಲೆಕ್ಕ ಬೇರೆ. ಇದು ವಕೀಲರ ಬದಲಿಗೆ ಓದುವಂಥದ್ದೂ ಅಲ್ಲ, ವಕೀಲರ ಮುಂದೆ ಕೂರುವ ಮೊದಲು ಓದುವಂಥದ್ದು.

ಹೆಜ್ಜೆ 1: ದಿನಗಳನ್ನು ಸರಿಯಾಗಿ ಎಣಿಸಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲಿನ ತಾರೀಖು ನೀವು ಎಷ್ಟು ದಿನ ಉಳಿಯಬಹುದು ಎನ್ನುವುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಐ-94 ದಾಖಲೆ. 10 ವರ್ಷದ ಟೂರಿಸ್ಟ್ ವೀಸಾ ಇದ್ದರೂ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೊಟ್ಟ ಅವಧಿ ಸಾಮಾನ್ಯವಾಗಿ 6 ತಿಂಗಳು. ಆ ತಾರೀಖು ದಾಟಿದ ಮರುದಿನದಿಂದ ಎಣಿಕೆ ಶುರು.

ಎಚ್-1ಬಿಯಲ್ಲಿ ಇದ್ದವರು, ಎಚ್-4ರಲ್ಲಿ ಇದ್ದ ಅವರ ಗಂಡ ಅಥವಾ ಹೆಂಡತಿ ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಅಧಿಕಾರಿ ಐ-94 ಅವಧಿಯನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಕತ್ತರಿಸುವುದುಂಟು. ಕಂಪನಿಯಿಂದ ಬಂದ ಐ-797 ಎಂಬ ಒಪ್ಪಿಗೆ ಕಾಗದದಲ್ಲಿ ಇನ್ನೂ ಎರಡು ವರ್ಷ ಬಾಕಿ ಕಾಣುತ್ತದೆ, ಸಂಬಳ ಬರುತ್ತಿರುತ್ತದೆ, ತೆರಿಗೆ ಕಟ್ಟುತ್ತಿರುತ್ತೀರಿ. ಐ-94 ಮಾತ್ರ ಸದ್ದಿಲ್ಲದೆ ತೀರಿರುತ್ತದೆ. ಗೊತ್ತಿಲ್ಲದೆ ಆಯಿತು ಎಂದ ಮಾತ್ರಕ್ಕೆ ಆ ದಿನಗಳು ಲೆಕ್ಕದಿಂದ ಹೊರಗೆ ಹೋಗುವುದಿಲ್ಲ.

ಇನ್ನು ಮಿತಿಗಳು. ಒಂದೇ ಸಲದ ವಾಸದಲ್ಲಿ 180 ದಿನಕ್ಕಿಂತ ಹೆಚ್ಚು, ಆದರೆ ಒಂದು ವರ್ಷಕ್ಕಿಂತ ಕಡಿಮೆ ಅಕ್ರಮವಾಗಿ ಉಳಿದು, ತಾವಾಗಿಯೇ ಹೊರಟರೆ ಹೊರಟ ದಿನದಿಂದ 3 ವರ್ಷ ನಿರ್ಬಂಧ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾದರೆ 10 ವರ್ಷ. 180 ದಿನದೊಳಗೆ ಹೊರಟಿದ್ದರೆ ಈ ಎರಡೂ ಇಲ್ಲ. ಆದರೆ ಒಂದೇ ಒಂದು ದಿನ ಮೀರಿದ್ದರೂ ಆಗ ಬಳಸಿದ ವೀಸಾ ತಾನಾಗಿಯೇ ರದ್ದಾಗುತ್ತದೆ. ಈ ಎಣಿಕೆಯ ನಿಯಮ ಜಾರಿಗೆ ಬಂದದ್ದು 1997ರ ಏಪ್ರಿಲ್ 1ರಂದು.

ಲೆಕ್ಕಕ್ಕೆ ಬಾರದ ದಿನಗಳೂ ಇವೆ. 18 ತುಂಬುವ ಮೊದಲಿನ ದಿನಗಳನ್ನು ಸೇರಿಸುವುದಿಲ್ಲ. ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಐ-539 ಹಾಕಿದ್ದು, ಅದು ಸರಿಯಾದ ಅರ್ಜಿಯಾಗಿದ್ದರೆ, ಉತ್ತರಕ್ಕೆ ಕಾದ ಕಾಲಕ್ಕೆ ರಕ್ಷಣೆ ಸಿಗುತ್ತದೆ. ಎಫ್-1 ವಿದ್ಯಾರ್ಥಿಗಳ ಐ-94ರಲ್ಲಿ ತಾರೀಖಿನ ಬದಲು “ಡಿ/ಎಸ್” (ವಿದ್ಯಾರ್ಥಿ ಸ್ಟೇಟಸ್, ಅಂದರೆ ಕಾನೂನುಬದ್ಧ ಸ್ಥಾನಮಾನ, ಇರುವ ತನಕ) ಎಂದು ಇದ್ದರೆ, ಇಮಿಗ್ರೇಶನ್ ಇಲಾಖೆಯೋ ನ್ಯಾಯಾಧೀಶರೋ ಸ್ಟೇಟಸ್ ಮುರಿದಿದೆ ಎಂದು ವಿಧ್ಯುಕ್ತವಾಗಿ ಹೇಳುವ ತನಕ ಈ ಎಣಿಕೆ ಶುರುವಾಗುವುದಿಲ್ಲ. ಹಾಗಾಗಿ ಕಾಲೇಜು ಬಿಟ್ಟು ಎರಡು ವರ್ಷ ಉಳಿದವರ ನಿರ್ಬಂಧದ ಲೆಕ್ಕ ಸೊನ್ನೆಯೇ ಇರಬಹುದು. ಆದರೂ ಅವರು ವೀಸಾ ಷರತ್ತು ಮುರಿದಿದ್ದಾರೆ. ಫಾರ್ಮಿನ ಪ್ರಶ್ನೆ ಅದನ್ನೂ ಕೇಳುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. 2018ರ ಜೂನ್‌ನಲ್ಲಿ ಟೂರಿಸ್ಟ್ ವೀಸಾದಲ್ಲಿ ಹೋದವರೊಬ್ಬರ ಐ-94 ಅವಧಿ 2018ರ ಡಿಸೆಂಬರ್ 9ಕ್ಕೆ ಮುಗಿಯಿತು. ಅವರು ಹೊರಟದ್ದು 2019ರ ಆಗಸ್ಟ್ 20ಕ್ಕೆ. ಮೀರಿದ್ದು 250 ದಿನಕ್ಕೂ ಸ್ವಲ್ಪ ಹೆಚ್ಚು, ಅಂದರೆ 3 ವರ್ಷದ ನಿರ್ಬಂಧ. ಅದು 2022ರ ಆಗಸ್ಟ್‌ನಲ್ಲೇ ಮುಗಿದಿದೆ. ಈಗ ಸ್ಪೌಸ್ ವೀಸಾಕ್ಕೆ ಬಂದರೆ ಆ ಓವರ್‌ಸ್ಟೇಗಾಗಿ ಕ್ಷಮಾಪಣೆಯ ಅರ್ಜಿ ಕೂಡ ಬೇಕಿಲ್ಲ. ಫಾರ್ಮಿನಲ್ಲಿ “ಯೆಸ್” ಎಂದು ಹಾಕಿ ತಾರೀಖು ಬರೆದರೆ ಸಾಕು. ಇಂಥವರೇ ಭಯಕ್ಕೆ “ನೋ” ಹಾಕುವುದು ಹೆಚ್ಚು.

ಹೆಜ್ಜೆ 2: ಅವರಲ್ಲಿ ಏನಿದೆ ಎಂದು ಮೊದಲೇ ತಿಳಿದುಕೊಳ್ಳಿ

“ಹೊರಡುವಾಗ ಯಾರೂ ಸೀಲ್ ಹಾಕಲಿಲ್ಲ, ಅವರಿಗೆ ಹೇಗೆ ಗೊತ್ತಾಗುತ್ತದೆ?” ಎನ್ನುವವರಿದ್ದಾರೆ. ಅಮೆರಿಕದಿಂದ ಹೊರಡುವಾಗ ನಮ್ಮಲ್ಲಿರುವಂತೆ ಇಮಿಗ್ರೇಶನ್ ಕೌಂಟರ್ ಇಲ್ಲ, ನಿಜ. ಆದರೆ ಪ್ರಯಾಣಿಕರ ಪಟ್ಟಿಯನ್ನು ವಿಮಾನ ಸಂಸ್ಥೆಗಳೇ ಅಲ್ಲಿನ ಗಡಿ ಇಲಾಖೆ ಸಿಬಿಪಿಗೆ ಕಳಿಸುತ್ತವೆ. ಹೊರಟ ದಿನ ಆ ದಾಖಲೆಗೆ ಸೇರುತ್ತದೆ. ಇತ್ತ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದಾಗ ನಮ್ಮವರು ಒತ್ತಿದ ಸೀಲ್ ಕೂಡ ಪಾಸ್‌ಪೋರ್ಟಿನಲ್ಲಿ ಇರುತ್ತದೆ. ಹಳೆಯ ಪಾಸ್‌ಪೋರ್ಟ್ ಕಳೆದುಹೋಯಿತು ಎಂಬ ಕಥೆಯಿಂದಲೂ ಲಾಭವಿಲ್ಲ, ವೀಸಾಕ್ಕೆ ಕೊಟ್ಟ ಬೆರಳಚ್ಚು ಹಳೆಯ ಕಡತವನ್ನು ತೆರೆಯುತ್ತದೆ.

ಸಿಬಿಪಿಯ ಐ-94 ಜಾಲತಾಣದಲ್ಲಿ ನಿಮ್ಮ ಪಾಸ್‌ಪೋರ್ಟ್ ವಿವರ ಕೊಟ್ಟರೆ ಬಂದುಹೋದ ಚರಿತ್ರೆ ಕಾಣುತ್ತದೆ. ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಅದಕ್ಕಿಂತ ಆಳವಾದದ್ದು ಬೇಕಾದರೆ ನಮ್ಮ ಆರ್‌ಟಿಐ ಥರದ್ದೇ ಫೋಯಾ ಎಂಬ ಅರ್ಜಿ ಅಲ್ಲಿದೆ. ಸಿಬಿಪಿಗೆ ಒಂದು, ಇಮಿಗ್ರೇಶನ್ ಅರ್ಜಿಗಳನ್ನು ನೋಡುವ ಯುಎಸ್‌ಸಿಐಎಸ್‌ಗೆ ಒಂದು ಹಾಕಿಸಿ. ಹಿಂದೆ ವಿಸ್ತರಣೆ ಕೇಳಿದ್ದವರು, ವಿಮಾನ ನಿಲ್ದಾಣದಲ್ಲಿ ಒಳಗೆ ಕೂರಿಸಿ ಪ್ರಶ್ನೆ ಮಾಡಿಸಿಕೊಂಡವರು ಇದನ್ನು ಬಿಡಲೇಬಾರದು. ಅಂದು ನೀವು ಏನು ಹೇಳಿದಿರಿ ಎಂದು ಅಧಿಕಾರಿ ಬರೆದುಕೊಂಡಿರುತ್ತಾರೆ. ನಿಮಗೆ ಅದು ಮರೆತುಹೋಗಿರುತ್ತದೆ.

ಹೆಜ್ಜೆ 3: ನೀವು ಈಗ ಎಲ್ಲಿದ್ದೀರಿ ಎನ್ನುವುದರ ಮೇಲೆ ದಾರಿ

ಇನ್ನೂ ಅಮೆರಿಕದೊಳಗೇ ಇದ್ದೀರಾ? ಹಾಗಾದರೆ ವಕೀಲರನ್ನು ಕಾಣುವ ಮೊದಲು ವಿಮಾನ ಹತ್ತಬೇಡಿ. 3 ಮತ್ತು 10 ವರ್ಷದ ನಿರ್ಬಂಧ ಹುಟ್ಟುವುದೇ ದೇಶ ಬಿಟ್ಟಾಗ. ತಪಾಸಣೆ ಮುಗಿಸಿ ಕ್ರಮವಾಗಿ ಒಳಗೆ ಬಂದು, ಆಮೇಲೆ ಓವರ್‌ಸ್ಟೇ ಆಗಿ, ಅಮೆರಿಕನ್ ಸಿಟಿಜನ್ ಒಬ್ಬರನ್ನು ನಿಜವಾಗಿ ಮದುವೆಯಾಗಿದ್ದರೆ, ಸಾಮಾನ್ಯವಾಗಿ ಅಲ್ಲಿಂದಲೇ ಐ-485 ಹಾಕಿ ಗ್ರೀನ್ ಕಾರ್ಡ್ ಕೇಳಲು ಕಾನೂನು ಅವಕಾಶ ಕೊಟ್ಟಿದೆ. ಅವಧಿ ಮೀರಿದ್ದು, ಅನುಮತಿಯಿಲ್ಲದೆ ಕೆಲಸ ಮಾಡಿದ್ದು, ಎರಡೂ ಈ ದಾರಿಯನ್ನು ಮುಚ್ಚುವುದಿಲ್ಲ. ಆದರೆ ಫಾರ್ಮ್ ಎರಡನ್ನೂ ಕೇಳುತ್ತದೆ. ಹಾಗಾಗಿ ಇಲ್ಲಿ ಸುಳ್ಳು ಹೇಳುವುದು ಅಪಾಯವಷ್ಟೇ ಅಲ್ಲ, ಅನಗತ್ಯವೂ ಹೌದು. ಅರ್ಜಿ ತಿರಸ್ಕೃತವಾಗಿ ಸ್ಟೇಟಸ್ ಇಲ್ಲದಿದ್ದರೆ ಗಡಿಪಾರು ಪ್ರಕರಣದ ನೋಟಿಸ್ ಬರಬಹುದು. 2025ರಿಂದ ಈ ವಿಷಯದಲ್ಲಿ ಬಿಗಿ ಹೆಚ್ಚಾಗಿದೆ.

ಅರ್ಜಿ ಬಾಕಿ ಇರುವಾಗ ಊರಿಗೆ ಹೋಗಲೇಬೇಕಾದರೆ ಅಡ್ವಾನ್ಸ್ ಪೆರೋಲ್ ಎಂಬ ಮುಂಗಡ ಅನುಮತಿ ಇದೆ. ಅದನ್ನು ಹಿಡಿದು ಹೋಗಿಬಂದರೆ 10 ವರ್ಷದ ನಿರ್ಬಂಧಕ್ಕೆ ಕಾರಣವಾಗುವ ‘ನಿರ್ಗಮನ’ ಆಗುವುದಿಲ್ಲ ಎಂದು ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 2012ರಲ್ಲಿ ತೀರ್ಪು ಕೊಟ್ಟಿತು. ಅರ್ರಬೆಲ್ಲಿ ಮತ್ತು ಯೆರ್ರಬೆಲ್ಲಿ ಪ್ರಕರಣ ಎಂದೇ ಅದು ಪ್ರಸಿದ್ಧ. ಭಾರತೀಯ ದಂಪತಿಯ ಪ್ರಕರಣ. ಹಾಗೆಂದು ವಕೀಲರನ್ನು ಕೇಳದೆ ಆ ತೀರ್ಪಿನ ಧೈರ್ಯದ ಮೇಲೆ ಟಿಕೆಟ್ ಬುಕ್ ಮಾಡಬೇಡಿ.

ಗಂಡನಿಗೋ ಹೆಂಡತಿಗೋ ಇರುವುದು ಗ್ರೀನ್ ಕಾರ್ಡ್ ಮಾತ್ರವಾದರೆ ಕಥೆ ಬೇರೆ. ಓವರ್‌ಸ್ಟೇ ಆದವರಿಗೆ ಒಳಗಿನಿಂದ ಐ-485 ಹಾಕುವ ರಿಯಾಯಿತಿ ಇಲ್ಲಿ ಇಲ್ಲ. ಅವರು ಸಿಟಿಜನ್ ಆಗುವ ತನಕ ಕಾಯುವುದು ಒಂದು ದಾರಿ. ಐ-601ಎ ಎಂಬ ತಾತ್ಕಾಲಿಕ ಕ್ಷಮಾಪಣೆಯನ್ನು ಅಮೆರಿಕದಲ್ಲಿ ಇದ್ದುಕೊಂಡೇ ಪಡೆದು, ಆಮೇಲೆ ಭಾರತಕ್ಕೆ ಸಂದರ್ಶನಕ್ಕೆ ಬರುವುದು ಇನ್ನೊಂದು. 2013ರಲ್ಲಿ ಶುರುವಾದ ಈ ಸೌಲಭ್ಯ 2016ರಲ್ಲಿ ಗ್ರೀನ್ ಕಾರ್ಡ್ ಇರುವವರ ಸಂಗಾತಿಗೂ ವಿಸ್ತರಿಸಿತು. ಆದರೆ ಅದು ಕ್ಷಮಿಸುವುದು ಅಕ್ರಮ ವಾಸವನ್ನು ಮಾತ್ರ. ಸಂದರ್ಶನದಲ್ಲಿ ಹಳೆಯ ಸುಳ್ಳೊಂದು ಹೊರಬಿದ್ದು ಅಧಿಕಾರಿ ಅದನ್ನು ಬೇರೆ ಕಾರಣವಾಗಿ ದಾಖಲಿಸಿದರೆ ಕೈಯಲ್ಲಿರುವ ಐ-601ಎ ತಾನಾಗಿಯೇ ರದ್ದು. ನೀವು ಮುಂಬೈಯಲ್ಲಿ, ಮನೆ-ಮಕ್ಕಳು ಅಲ್ಲಿ. ಇಂಥ ಸ್ಥಿತಿಗೆ ಬೀಳದಿರಬೇಕಾದರೆ ಅಮೆರಿಕ ಬಿಡುವ ಮೊದಲೇ ಎಲ್ಲವನ್ನೂ ವಕೀಲರ ಮುಂದೆ ಇಟ್ಟಿರಬೇಕು.

ಈಗಾಗಲೇ ಭಾರತದಲ್ಲಿದ್ದರೆ ದಾರಿ ನೇರ: ಸಂಗಾತಿ ನಿಮಗಾಗಿ ಐ-130 ಎಂಬ ಕೋರಿಕೆ ಅರ್ಜಿ ಹಾಕುತ್ತಾರೆ, ಅದು ಒಪ್ಪಿಗೆಯಾಗಿ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ, ನೀವು ವಲಸೆ ವೀಸಾದ ಅರ್ಜಿ ಡಿಎಸ್-260 ತುಂಬುತ್ತೀರಿ, ಸಂಗಾತಿ ಐ-864ರಲ್ಲಿ ಆದಾಯದ ಭರವಸೆ ಕೊಡುತ್ತಾರೆ, ಕೊನೆಗೆ ಸಂದರ್ಶನ. ಕನ್ನಡಿಗರು ಇದಕ್ಕೆ ಸಾಮಾನ್ಯವಾಗಿ ಹೋಗಬೇಕಾದದ್ದು ಮುಂಬೈಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ಕಾನ್ಸುಲೇಟಿಗೆ.

ಹೆಜ್ಜೆ 4: ವಕೀಲರಿಗೆ ಅರ್ಧ ಕಥೆ ಹೇಳಬೇಡಿ

ವೀಸಾ ಕನ್ಸಲ್ಟೆಂಟ್, ಟ್ರಾವೆಲ್ ಏಜೆಂಟ್ ಇವರೆಲ್ಲ ವಕೀಲರಲ್ಲ. ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ಪರವಾನಗಿ ಇರುವ ಇಮಿಗ್ರೇಶನ್ ಅಟಾರ್ನಿಯನ್ನು ಹುಡುಕಿ. ಆ ರಾಜ್ಯದ ಬಾರ್, ಅಂದರೆ ವಕೀಲರ ಸಂಘದ, ಜಾಲತಾಣದಲ್ಲಿ ಅವರ ಹೆಸರು ಇದೆಯೇ ನೋಡಿ. ಸಲಹೆ ಕೇಳಲು ನೀವು ಹೇಳಿದ ಮಾತು ವಕೀಲರಲ್ಲಿ ಗೋಪ್ಯವಾಗಿರುತ್ತದೆ. ಏಜೆಂಟರಲ್ಲಿ ಅಂಥ ರಕ್ಷಣೆ ಇಲ್ಲ.

ಅವರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದವು ಕೆಲವಿವೆ. ಹಿಂದಿನ ಯಾವುದಾದರೂ ಡಿಎಸ್-160ರಲ್ಲಿ (ಟೂರಿಸ್ಟ್ ಮುಂತಾದ ತಾತ್ಕಾಲಿಕ ವೀಸಾಗಳ ಅರ್ಜಿ) ಓವರ್‌ಸ್ಟೇ ಆಗಿಲ್ಲ ಎಂದು ಬರೆದಿದ್ದೀರಾ? ಟೂರಿಸ್ಟ್ ವೀಸಾದಲ್ಲಿ ಒಳಗೆ ಹೋಗಿ ಕೆಲವೇ ವಾರಗಳಲ್ಲಿ ಮದುವೆಯಾದಿರಾ? ಪ್ರವೇಶಿಸಿದ 90 ದಿನದೊಳಗೆ ವೀಸಾದ ಉದ್ದೇಶಕ್ಕೆ ವಿರುದ್ಧವಾಗಿ ನಡೆದರೆ ಮೊದಲಿನ ಮಾತೇ ಸುಳ್ಳಾಗಿತ್ತು ಎಂದು ಕಾನ್ಸುಲೇಟ್ ಅಧಿಕಾರಿ ಊಹಿಸಬಹುದು. ಹಿಂದೆ ಬೇರೆ ಮದುವೆ ಆಗಿತ್ತೇ? ಎಲ್ಲಾದರೂ ಅರೆಸ್ಟ್ ಆಗಿತ್ತೇ?

ಎಲ್ಲಕ್ಕಿಂತ ಗಂಭೀರವಾದವು ಎರಡು. ಕೆಲಸಕ್ಕೆ ಸೇರುವಾಗ ತುಂಬುವ ಐ-9 ಫಾರ್ಮಿನಲ್ಲಿ “ನಾನು ಅಮೆರಿಕನ್ ಸಿಟಿಜನ್” ಎಂಬ ಕಡೆ ಗುರುತು ಹಾಕಿದ್ದರೆ, ಅದಕ್ಕೆ ವಲಸೆ ವೀಸಾ ಅರ್ಜಿದಾರರಿಗೆ ಕ್ಷಮಾಪಣೆಯೇ ಇಲ್ಲ. ಹೆಂಡತಿ ಸಿಟಿಜನ್ ಆಗಿದ್ದರೂ ಇಲ್ಲ. ಗ್ಯಾಸ್ ಸ್ಟೇಷನ್ನಿನಲ್ಲೋ ಮೋಟೆಲಿನಲ್ಲೋ ಯಾರೋ ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದವರು ಇದನ್ನು ನೆನಪು ಮಾಡಿಕೊಳ್ಳಬೇಕು. ಎರಡನೆಯದು, ಒಟ್ಟು ಒಂದು ವರ್ಷಕ್ಕೂ ಹೆಚ್ಚು ಅಕ್ರಮವಾಗಿ ಇದ್ದು, ಹೊರಬಂದು, ಮತ್ತೆ ಮೆಕ್ಸಿಕೋ ಅಥವಾ ಕೆನಡಾ ಗಡಿಯಿಂದ ಕದ್ದು ನುಸುಳಿದ್ದು. ಇದಕ್ಕೆ ಶಾಶ್ವತ ನಿರ್ಬಂಧವಿದೆ, ದೇಶದ ಹೊರಗೆ 10 ವರ್ಷ ಕಳೆದ ಮೇಲಷ್ಟೇ ಮರುಪ್ರವೇಶಕ್ಕೆ ಅನುಮತಿ ಕೇಳಬಹುದು. ಈ ಎರಡರಲ್ಲಿ ಒಂದಿದ್ದರೂ ಫೀಸು ಕಟ್ಟುವ ಮೊದಲೇ ಗೊತ್ತಿರುವುದು ಒಳ್ಳೆಯದು.

ಹೆಜ್ಜೆ 5: ಫಾರ್ಮಿನಲ್ಲಿ “ಯೆಸ್”, ಜೊತೆಗೆ ನಾಲ್ಕು ಸಾಲು

ಡಿಎಸ್-260ರ ಪ್ರಶ್ನೆ ಅಗಲವಾಗಿದೆ: ಎಂದಾದರೂ ಅಮೆರಿಕದಲ್ಲಿ ಅಕ್ರಮವಾಗಿ ಇದ್ದಿರಾ, ಅಧಿಕಾರಿ ಕೊಟ್ಟ ಅವಧಿ ಮೀರಿ ಉಳಿದಿರಾ, ಬೇರೆ ರೀತಿಯಲ್ಲಿ ವೀಸಾ ಷರತ್ತು ಮುರಿದಿರಾ? ಅಲ್ಲಿ 180 ದಿನದ ಮಾತೇ ಇಲ್ಲ, ಹತ್ತು ವರ್ಷದಿಂದೀಚೆಗೆ ಎಂಬ ಮಿತಿಯೂ ಇಲ್ಲ. ಮೂರೇ ದಿನ ಮೀರಿದ್ದರೂ, ನಿರ್ಬಂಧ ಮುಗಿದು ಯಾವ ಕಾಲವಾಗಿದ್ದರೂ ಉತ್ತರ “ಯೆಸ್”.

“ಯೆಸ್” ಎಂದೊಡನೆ ವಿವರಣೆಯ ಜಾಗ ತೆರೆಯುತ್ತದೆ. ಅಲ್ಲಿ ಕಾದಂಬರಿ ಬೇಡ. ಹೀಗೆ ಸಾಕು:

“ನಾನು 2018ರ ಜೂನ್ 10ರಂದು ಬಿ-2 ವೀಸಾದಲ್ಲಿ ನ್ಯೂಯಾರ್ಕ್ ಮೂಲಕ ಪ್ರವೇಶಿಸಿದೆ. ನನ್ನ ಐ-94 ಅವಧಿ 2018ರ ಡಿಸೆಂಬರ್ 9ಕ್ಕೆ ಮುಗಿಯಿತು. ಅಕ್ಕನ ಬಾಣಂತನ ನೋಡಿಕೊಳ್ಳಲು ಉಳಿದೆ, ವಿಸ್ತರಣೆಗೆ ಅರ್ಜಿ ಹಾಕಲಿಲ್ಲ. 2019ರ ಆಗಸ್ಟ್ 20ರಂದು ನಾನಾಗಿಯೇ ಭಾರತಕ್ಕೆ ಮರಳಿದೆ. ಆ ಅವಧಿಯಲ್ಲಿ ಸಂಬಳದ ಕೆಲಸ ಮಾಡಿಲ್ಲ.”

ಕೊನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಬರೆಯಿರಿ. ರೆಸ್ಟೋರೆಂಟಿನಲ್ಲಿ ಕೈಗೆ ಕಾಸು ತೆಗೆದುಕೊಂಡು ದುಡಿದಿದ್ದರೆ ಎಲ್ಲಿ, ಎಂದಿನಿಂದ ಎಂದಿನವರೆಗೆ ಎಂದು ಹೇಳಿ. ತಾರೀಖು ಖಚಿತವಿಲ್ಲದಿದ್ದರೆ “ಸುಮಾರು” ಎಂದು ಬರೆಯಿರಿ. ಊಹೆಯನ್ನು ಖಚಿತವೆಂಬಂತೆ ಬರೆದರೆ ಮುಂದೆ ಅದೇ ಸುಳ್ಳಿನಂತೆ ಕಾಣುತ್ತದೆ. ಕಾರಣ ಹೇಳಿ, ಆದರೆ ವಾದ ಮಾಡಬೇಡಿ. “ಎಲ್ಲರೂ ಹಾಗೇ ಮಾಡುತ್ತಾರೆ”, “ಏರ್‌ಲೈನ್‌ನವರು ಹೇಳಲಿಲ್ಲ” ಎಂಬ ಮಾತುಗಳಿಂದ ಯಾವ ಅಧಿಕಾರಿಯೂ ಕರಗುವುದಿಲ್ಲ.

ಬೇರೆಯವರು ತುಂಬಿಕೊಟ್ಟರೂ ಸಬ್ಮಿಟ್ ಒತ್ತುವ ಮೊದಲು ಒಂದೊಂದು ಉತ್ತರವನ್ನೂ ನೀವೇ ಓದಿ. ಇಂಗ್ಲಿಷ್ ಕಷ್ಟವಾದರೆ ನಂಬಿಕೆಯವರಿಂದ ಓದಿಸಿ. ಸಬ್ಮಿಟ್ ಆದ ಮೇಲೆ ತಪ್ಪು ಕಂಡರೆ ನ್ಯಾಷನಲ್ ವೀಸಾ ಸೆಂಟರಿಗೆ ಬರೆದು ಫಾರ್ಮ್ ಮತ್ತೆ ತೆರೆಸಬಹುದು, ಇಲ್ಲವೇ ಸಂದರ್ಶನದಲ್ಲಿ ಪ್ರಶ್ನೆ ಶುರುವಾಗುವ ಮೊದಲೇ “ಈ ಉತ್ತರ ತಿದ್ದಬೇಕಿದೆ” ಎಂದು ಹೇಳಬಹುದು.

ಹೆಜ್ಜೆ 6: ಹಿಂದೆಯೇ ಸುಳ್ಳು ಹೇಳಿಯಾಗಿದ್ದರೆ

ನಿಜಕ್ಕೂ ನಿದ್ದೆಗೆಡಿಸುವ ಸ್ಥಿತಿ ಇದು. 2021ರಲ್ಲಿ ಟೂರಿಸ್ಟ್ ವೀಸಾಕ್ಕೆ ಹಾಕಿದಾಗ “ನೋ” ಎಂದಿದ್ದೀರಿ, ಈಗ ಸ್ಪೌಸ್ ವೀಸಾದಲ್ಲಿ “ಯೆಸ್” ಎಂದರೆ ಹಳೆಯ ಸುಳ್ಳು ಬಯಲಾಗುತ್ತದೆ. ಹಾಗಾಗಿ ಅದನ್ನೇ ಮುಂದುವರಿಸೋಣ ಎಂಬ ಆಸೆ ಹುಟ್ಟುವುದು ಸಹಜ. ಬೇಡ. ಎರಡೂ ಫಾರ್ಮ್ ಒಂದೇ ಕಡತದಲ್ಲಿ ಕೂರುತ್ತವೆ.

ಅಧಿಕಾರಿಗಳ ಕೈಪಿಡಿಯಲ್ಲಿ ಸಕಾಲದಲ್ಲಿ ಹಿಂತೆಗೆದುಕೊಳ್ಳುವ ಅವಕಾಶ ಎಂಬುದೊಂದಿದೆ. ಯಾರೂ ಹಿಡಿಯುವ ಮೊದಲು, ಮೊದಲ ಅವಕಾಶದಲ್ಲೇ, ನೀವಾಗಿಯೇ ತಿದ್ದಿಕೊಂಡರೆ ಸುಳ್ಳಿನ ಆರೋಪ ಬೀಳದಿರಬಹುದು. ಸಂದರ್ಶನದ ಕಿಟಕಿಯ ಮುಂದೆ ಬಾಯಿತಪ್ಪಿ “ಇಲ್ಲ” ಎಂದು, ಅಲ್ಲೇ “ಕ್ಷಮಿಸಿ, ಇದೆ” ಎಂದವರಿಗೆ ಇದು ಅನ್ವಯಿಸುತ್ತದೆ. ವರ್ಷಗಳ ಹಿಂದಿನ ಅರ್ಜಿಗೆ ಅನ್ವಯಿಸುವುದು ಕಷ್ಟ. ಆಗ ಉಳಿಯುವ ದಾರಿ ಐ-601 ಕ್ಷಮಾಪಣೆ. ಸುಳ್ಳು ಹೇಳಿದ್ದಕ್ಕೂ ಓವರ್‌ಸ್ಟೇಗೂ ಒಂದೇ ಅರ್ಜಿಯಲ್ಲಿ ಕ್ಷಮೆ ಕೇಳಬಹುದು. ಅದಕ್ಕೆ ತಯಾರಾಗಿ ಹೋಗುವುದು, ಸಿಕ್ಕಿಬಿದ್ದ ಮೇಲೆ ತಯಾರಿ ಶುರು ಮಾಡುವುದಕ್ಕಿಂತ ಎಷ್ಟೋ ಮೇಲು.

ಎಲ್ಲ ತಪ್ಪು ಉತ್ತರವೂ ಕಾನೂನಿನ ಕಣ್ಣಲ್ಲಿ ಸುಳ್ಳಲ್ಲ ಎನ್ನುವುದು ಇಲ್ಲಿ ನೆನಪಿರಲಿ. ಅದು ಬೇಕಂತಲೇ ಹೇಳಿದ್ದಾಗಿರಬೇಕು, ನಿರ್ಧಾರಕ್ಕೆ ಮಹತ್ವದ್ದಾಗಿರಬೇಕು. ಐ-94 ಕತ್ತರಿಸಿದ್ದೇ ಗೊತ್ತಿಲ್ಲದೆ “ನೋ” ಎಂದ ಎಚ್-1ಬಿ ಉದ್ಯೋಗಿಯ ಸ್ಥಿತಿ ಬೇರೆ. ಗೊತ್ತಾದ ದಿನ, ಹೇಗೆ ಗೊತ್ತಾಯಿತು, ಆಗಿನ ಐ-797, ಸಂಬಳದ ಚೀಟಿ, ಎಲ್ಲವನ್ನೂ ಜೋಡಿಸಿಟ್ಟುಕೊಳ್ಳಿ.

ಹೆಜ್ಜೆ 7: ನಿರ್ಬಂಧ ಇನ್ನೂ ಇದ್ದರೆ ಕ್ಷಮಾಪಣೆ

ಭಾರತದಲ್ಲಿರುವವರಿಗೆ ಕ್ರಮ ಹೀಗಿದೆ: ಮೊದಲು ಸಂದರ್ಶನ, ಅಲ್ಲಿ ಅಧಿಕಾರಿ ಯಾವ ಕಾರಣಕ್ಕೆ ಅನರ್ಹರು ಎಂದು ಕಾಗದ ಕೊಡುತ್ತಾರೆ, ಅದನ್ನು ಹಿಡಿದು ಐ-601 ಹಾಕಬೇಕು. ನಿರಾಕರಣೆಯ ಕಾಗದ ಕಂಡು ಎದೆಗುಂದಬೇಡಿ, ಈ ದಾರಿಯಲ್ಲಿ ಅದು ನಿರೀಕ್ಷಿತ ಮೆಟ್ಟಿಲು.

ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ಅಥವಾ ನಿಮ್ಮ ತಂದೆತಾಯಿಗೆ ವಿಪರೀತ ಕಷ್ಟವಾಗುತ್ತದೆ ಎಂದು ತೋರಿಸಬೇಕು. ನಿಮ್ಮ ಸ್ವಂತ ಕಷ್ಟ ಲೆಕ್ಕಕ್ಕಿಲ್ಲ. ಮಕ್ಕಳ ಕಷ್ಟವೂ ನೇರವಾಗಿ ಇಲ್ಲ. ಮಗುವಿನ ಕಾಯಿಲೆಯಿಂದ ಒಬ್ಬಂಟಿ ಹೆಂಡತಿ ಹೇಗೆ ಕುಸಿಯುತ್ತಿದ್ದಾಳೆ ಎಂದು ತೋರಿಸಿದರೆ ಮಾತ್ರ ಬೆಲೆ. ಅಗಲಿಕೆಯ ನೋವು ಎಲ್ಲರಿಗೂ ಇರುವುದೇ, ಅದಷ್ಟೇ ಸಾಲದು. ಆಸ್ಪತ್ರೆಯ ದಾಖಲೆ, ಮಾನಸಿಕ ಆರೋಗ್ಯ ತಜ್ಞರ ವರದಿ, ಮನೆಸಾಲ, ಡೇಕೇರ್ ಖರ್ಚು, ಅಮೆರಿಕದಲ್ಲೇ ಇರುವ ವಯಸ್ಸಾದ ಅತ್ತೆ-ಮಾವನ ಆರೈಕೆ ಇಂಥವು ಬೇಕು. ಬೇರೆಯಾಗಿ ಉಳಿದರೆ ಏನಾಗುತ್ತದೆ, ಎಲ್ಲ ಬಿಟ್ಟು ಭಾರತಕ್ಕೆ ಬಂದರೆ ಏನಾಗುತ್ತದೆ, ಎರಡನ್ನೂ ಬರೆಯಿರಿ. ಭಾರತದಲ್ಲಿ ಬದುಕಲಾಗದು ಎಂದು ಉತ್ಪ್ರೇಕ್ಷೆ ಮಾಡುವ ಪತ್ರಗಳು ಬರುತ್ತವೆ. ಓದುವವರಿಗೆ ಬೆಂಗಳೂರಿನಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ ಎಂದು ಚೆನ್ನಾಗಿ ಗೊತ್ತು. ಕನ್ನಡ ಬಾರದ ಹೆಂಡತಿ, ಅಲ್ಲಿನ ಲೈಸೆನ್ಸ್ ಇಲ್ಲಿ ನಡೆಯದ ವೃತ್ತಿ, ಮೊದಲ ಮದುವೆಯ ಮಗುವನ್ನು ದೇಶದಾಚೆ ಒಯ್ಯಲು ಕೋರ್ಟಿನ ತಡೆ ಇಂಥ ನಿಜದ ತೊಡಕುಗಳೇ ಹೆಚ್ಚು ತೂಗುತ್ತವೆ.

ಕಷ್ಟ ಸಾಬೀತಾದರೂ ಕೊಡುವುದು ಬಿಡುವುದು ಇಲಾಖೆಯ ವಿವೇಚನೆ. ತಾವಾಗಿಯೇ ಹೇಳಿಕೊಂಡದ್ದು, ತಾವಾಗಿಯೇ ಹಿಂದಿರುಗಿದ್ದು ಅಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ.

ಸಂಗಾತಿ ಎಚ್-1ಬಿಯಲ್ಲಿದ್ದು ನೀವು ಎಚ್-4 ಕೇಳುವವರಾದರೆ ಐ-601 ನಿಮ್ಮದಲ್ಲ. ತಾತ್ಕಾಲಿಕ ವೀಸಾಗಳಿಗೆ ಬೇರೊಂದು ವಿನಾಯಿತಿ ಇದೆ, ಅದನ್ನು ಕಾನ್ಸುಲೇಟ್ ಶಿಫಾರಸು ಮಾಡಬೇಕು.

ಹೆಜ್ಜೆ 8: ಮುಂಬೈಯ ದಿನ

ಹಳೆಯ ಪಾಸ್‌ಪೋರ್ಟುಗಳೆಲ್ಲ ಜೊತೆಗಿರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರದಲ್ಲಿ ಮದುವೆಯಾದ ದಿನ ಬೇರೆ, ನೋಂದಣಿಯ ದಿನ ಬೇರೆ ಇರುತ್ತದೆ. ಫಾರ್ಮಿನಲ್ಲಿ ಯಾವುದನ್ನು ಹಾಕಿದ್ದೀರಿ ಎಂದು ಇಬ್ಬರಿಗೂ ಗೊತ್ತಿರಲಿ. ಓವರ್‌ಸ್ಟೇ ಇದ್ದವರ ಮದುವೆಯನ್ನು ಹೆಚ್ಚು ಕೆದಕುವುದುಂಟು: ಲಗ್ನಪತ್ರಿಕೆ, ಎರಡೂ ಕಡೆಯವರಿರುವ ಫೋಟೋ, ಒಟ್ಟಿಗೆ ಪ್ರಯಾಣಿಸಿದ ಟಿಕೆಟ್ ಇಟ್ಟುಕೊಳ್ಳಿ.

ಕೇಳಿದ್ದಕ್ಕೆ ಉತ್ತರ ಕೊಡಿ, ಕೇಳಿದಷ್ಟಕ್ಕೇ ಕೊಡಿ. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ಹೇಳಿ, ತಲೆಯಾಡಿಸಬೇಡಿ. “ಯಾಕೆ ಉಳಿದಿರಿ?” ಎಂದರೆ ಫಾರ್ಮಿನ ನಾಲ್ಕು ಸಾಲನ್ನೇ ನಿಮ್ಮ ಮಾತಿನಲ್ಲಿ ಹೇಳಿ. ಕಾನ್ಸುಲೇಟ್ ಅಧಿಕಾರಿಯ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಬಹುತೇಕ ಅಸಾಧ್ಯ. ಗಂಡ ಅಥವಾ ಹೆಂಡತಿಯನ್ನು ದೇಶದೊಳಗೆ ಬಿಡಲೇಬೇಕು ಎನ್ನುವ ಸಾಂವಿಧಾನಿಕ ಹಕ್ಕು ಸಿಟಿಜನ್ ಸಂಗಾತಿಗೂ ಇಲ್ಲ ಎಂದು 2024ರಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕಡತಕ್ಕೆ ಸೇರುವ ಪ್ರತಿ ಮಾತೂ ಮುಖ್ಯ.

ವೀಸಾ ಬಂದ ಮೇಲೆ ಡಿಎಸ್-260ರ ಪ್ರತಿ, ವಿವರಣೆ, ಕ್ಷಮಾಪಣೆಯ ಒಪ್ಪಿಗೆ ಪತ್ರ ಎಲ್ಲವನ್ನೂ ಒಂದು ಫೈಲಿನಲ್ಲಿ ಕಾಪಾಡಿ. ಪ್ರವೇಶದ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಆ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಹಾಕಬೇಕು. ಮುಂದೆ ಪೌರತ್ವಕ್ಕೆ ಎನ್-400 ಹಾಕುವಾಗ, ಸರ್ಕಾರಕ್ಕೆ ಎಂದಾದರೂ ಸುಳ್ಳು ಮಾಹಿತಿ ಕೊಟ್ಟಿದ್ದೀರಾ ಎಂದು ಮತ್ತೆ ಕೇಳುತ್ತಾರೆ. ಆಗ ಅಧಿಕಾರಿಯ ಮೇಜಿನ ಮೇಲೆ ಇರುವುದೂ ಇದೇ ಕಡತ.